1965–66ರ ಮಸ್ಟ್ಯಾಂಗ್ ಕಾರನ್ನು ಆಟೋಕ್ರಾಸ್‌ಗೆ ಅಣಿಗೊಳಿಸಿ ಓಡಿಸುವ ಬಗೆ: ಸಮಗ್ರ ಮಾರ್ಗದರ್ಶಿ

ಅಮೆರಿಕದಲ್ಲಿ ಹಳೆಯ ವಿ8 (ಎಂಟು ಸಿಲಿಂಡರಿನ ಎಂಜಿನ್) ಕಾರನ್ನು ಇಟ್ಟುಕೊಂಡಿರುವ ಹವ್ಯಾಸಿಗೆ ಅದರ ನಿಜವಾದ ಶಕ್ತಿಯನ್ನೂ ಮಿತಿಯನ್ನೂ ಕಾನೂನಿನ ಚೌಕಟ್ಟಿನೊಳಗೆ, ಕಡಿಮೆ ಅಪಾಯದಲ್ಲಿ ಅರಿಯಲು ಆಟೋಕ್ರಾಸ್‌ಗಿಂತ ಒಳ್ಳೆಯ ದಾರಿ ಇಲ್ಲ. ವಿಶಾಲವಾದ ವಾಹನ ನಿಲುಗಡೆಯ ಮೈದಾನದಲ್ಲೋ ಹಳೆಯ ವಿಮಾನ ನಿಲ್ದಾಣದ ಕಾಂಕ್ರೀಟಿನ ಮೇಲೋ ಕಿತ್ತಳೆ ಬಣ್ಣದ ಕೋನ್‌ಗಳನ್ನು ನಿಲ್ಲಿಸಿ ಅಂಕುಡೊಂಕಿನ ದಾರಿಯೊಂದನ್ನು ಗುರುತಿಸುತ್ತಾರೆ. ಕಾರುಗಳು ಪಕ್ಕಪಕ್ಕದಲ್ಲಿ ಸೆಣಸದೆ ಒಂದರ ನಂತರ ಒಂದರಂತೆ ಗಡಿಯಾರದ ಎದುರು ಓಡುತ್ತವೆ. ಒಂದು ಓಟ ಸಾಮಾನ್ಯವಾಗಿ ಒಂದು ನಿಮಿಷದ ಆಸುಪಾಸಿನಲ್ಲಿ ಮುಗಿಯುತ್ತದೆ, ವೇಗ ಹೆದ್ದಾರಿಯ ವೇಗವನ್ನು ಅಪರೂಪಕ್ಕೆ ಮಾತ್ರ ಮೀರುತ್ತದೆ. ಕರ್ನಾಟಕದ ಮೋಟಾರು ಕ್ರೀಡೆಯನ್ನು ಬಲ್ಲವರಿಗೆ ಆಟೋಕ್ರಾಸ್ ಎಂದೊಡನೆ ಮಣ್ಣಿನ ಹಾದಿ ಮತ್ತು ಕೆಂಧೂಳು ಕಣ್ಮುಂದೆ ಬರುತ್ತವೆ. ಅಮೆರಿಕದ್ದು ಡಾಂಬರು ಮತ್ತು ಕಾಂಕ್ರೀಟಿನ ಆಟ. ಇಲ್ಲಿ ಟೈರಿನ ಹಿಡಿತವೇ ಎಲ್ಲವನ್ನೂ ನಿರ್ಧರಿಸುತ್ತದೆ, ಆದ್ದರಿಂದ ಕಾರಿನ ಮೇಲೆ ಮಾಡುವ ಪ್ರತಿಯೊಂದು ಕೆಲಸವನ್ನೂ ಆ ಹಿಡಿತಕ್ಕೆ ಅದು ಏನು ಮಾಡುತ್ತದೆ ಎಂಬ ಒಂದೇ ಅಳತೆಯಿಂದ ತೂಗಿ ನೋಡಬೇಕು.

ಈ ಮಾರ್ಗದರ್ಶಿಗೆ ಫೋರ್ಡ್ ಕಂಪನಿಯ 1965 ಮತ್ತು 1966ರ ವಿ8 ಮಸ್ಟ್ಯಾಂಗ್ ಕಾರನ್ನು ಆರಿಸಿಕೊಂಡಿದ್ದೇನೆ. ಕಟ್ಟುನಿಟ್ಟಾಗಿ ಹೇಳುವುದಾದರೆ ಇದು ಪೋನಿ ಕಾರ್, ಅಂದರೆ ಚಿಕ್ಕ ಗಾತ್ರದ ಸ್ಪೋರ್ಟಿ ಕಾರುಗಳ ವರ್ಗಕ್ಕೆ ಸೇರಿದ್ದು. ಆದರೆ ಆಟೋಕ್ರಾಸ್ ಮೈದಾನದಲ್ಲಿ ಕ್ಯಾಮರೋ, ಚೆವೆಲ್, ಬ್ಯಾರಕೂಡಗಳ ಜೊತೆಗೇ ಇದನ್ನೂ ಮಸಲ್ ಕಾರ್ (ಶಕ್ತಿಶಾಲಿ ವಿ8 ಎಂಜಿನ್ನಿನ ಅಮೆರಿಕನ್ ಕಾರು) ಎಂದೇ ಎಣಿಸುತ್ತಾರೆ. ಇದರ ಬಿಡಿಭಾಗಗಳು ಇಂದಿಗೂ ಹೇರಳವಾಗಿ ಸಿಗುತ್ತವೆ, ಕಾರು ಆ ಕಾಲದ ಹೆಚ್ಚಿನ ವಿ8 ಕಾರುಗಳಿಗಿಂತ ಹಗುರ, ಮತ್ತು ಇದರ ಸಸ್ಪೆನ್ಷನ್ನಿನ ದೋಷಗಳನ್ನು ಫೋರ್ಡ್ ಕಂಪನಿಯ ಎಂಜಿನಿಯರುಗಳೇ 1960ರ ದಶಕದಲ್ಲಿ ಅರ್ಥಮಾಡಿಕೊಂಡು ಪರಿಹಾರವನ್ನೂ ಬಿಟ್ಟುಹೋಗಿದ್ದಾರೆ. ನನ್ನ ಖಚಿತ ಅಭಿಪ್ರಾಯ ಇದು: ಮೊದಲು ಸುರಕ್ಷತೆ, ಆಮೇಲೆ ಟೈರು, ಮುಂಗಾಲಿಯ ಜ್ಯಾಮಿತಿ, ಸ್ಟೀರಿಂಗ್, ಶಾಕ್ ಅಬ್ಸಾರ್ಬರ್, ಕುದುರೆಶಕ್ತಿ ಎಲ್ಲಕ್ಕಿಂತ ಕೊನೆಗೆ. ಈ ಕ್ರಮವನ್ನು ತಲೆಕೆಳಗು ಮಾಡಿದವರು ಬಹಳ ಹಣ ಸುರಿದು ನಿಧಾನವಾದ ಕಾರನ್ನು ಕಟ್ಟುತ್ತಾರೆ.

ಮೊದಲು ನಿಯಮಪುಸ್ತಕ, ಆಮೇಲೆ ಸ್ಪ್ಯಾನರ್

ಅಮೆರಿಕದಲ್ಲಿ ಹವ್ಯಾಸಿ ಆಟೋಕ್ರಾಸ್‌ನ ಅತಿ ದೊಡ್ಡ ಸಂಘಟನೆ 1944ರಲ್ಲಿ ಸ್ಥಾಪನೆಯಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ, ಅಂದರೆ ಎಸ್‌ಸಿಸಿಎ. ಅವರು ಈ ಕ್ರೀಡೆಯನ್ನು ಸೋಲೋ ಎಂದು ಕರೆಯುತ್ತಾರೆ. ಪ್ರತಿ ಪ್ರದೇಶದ ಶಾಖೆಯೂ ತನ್ನದೇ ಸ್ಪರ್ಧೆಗಳನ್ನು ನಡೆಸುತ್ತದೆ, ರಾಷ್ಟ್ರಮಟ್ಟದ ಸ್ಪರ್ಧೆ ನೆಬ್ರಾಸ್ಕದ ಲಿಂಕನ್ ನಗರದಲ್ಲಿ ಹಳೆಯ ವಾಯುನೆಲೆಯ ವಿಶಾಲ ಕಾಂಕ್ರೀಟಿನ ಮೇಲೆ ನಡೆಯುತ್ತ ಬಂದಿದೆ. ಹಾಟ್ ರಾಡ್ ಮತ್ತು ಹಳೆಯ ಅಮೆರಿಕನ್ ಕಾರುಗಳ ಮೇಳಗಳನ್ನು ನಡೆಸುವ ಗುಡ್‌ಗೈಸ್ ಸಂಸ್ಥೆಯೂ ತನ್ನ ಮೇಳಗಳಲ್ಲಿ ಆಟೋಕ್ರಾಸ್ ಏರ್ಪಡಿಸುತ್ತದೆ.

ಎಸ್‌ಸಿಸಿಎ ನಿಯಮಗಳಲ್ಲಿ ಕಾರಿನ ಮೇಲೆ ಎಷ್ಟು ಕೆಲಸ ಮಾಡಿದ್ದೀರಿ ಎಂಬುದರ ಮೇಲೆ ವರ್ಗ ನಿರ್ಧಾರವಾಗುತ್ತದೆ. ಹಳೆಯ ಮಸ್ಟ್ಯಾಂಗ್‌ಗೆ ಸಹಜವಾದ ಮನೆ ಕ್ಯಾಮ್ ಎಂದು ಕರೆಯುವ ಕ್ಲಾಸಿಕ್ ಅಮೆರಿಕನ್ ಮಸಲ್ ವಿಭಾಗ. ಅದರಲ್ಲಿ ಹಳೆಯ ತಲೆಮಾರಿನ ಕಾರುಗಳಿಗೆ ಟ್ರೆಡಿಷನಲ್ ಎಂಬ ಪ್ರತ್ಯೇಕ ಉಪವಿಭಾಗವಿದೆ. ಎಂಜಿನ್, ಸಸ್ಪೆನ್ಷನ್, ಬ್ರೇಕ್‌ಗಳಲ್ಲಿ ಇಲ್ಲಿ ಬಹಳ ಸ್ವಾತಂತ್ರ್ಯವಿದೆ, ಆದರೆ ಟೈರಿನ ಟ್ರೆಡ್‌ವೇರ್ ಸಂಖ್ಯೆ (ಸವೆತವನ್ನು ತಾಳುವ ಮಟ್ಟ; ಕಡಿಮೆಯಿದ್ದಷ್ಟೂ ಟೈರು ಮೃದು) 200ಕ್ಕಿಂತ ಕಡಿಮೆ ಇರುವಂತಿಲ್ಲ. ಕಾರಿನ ಕನಿಷ್ಠ ತೂಕದ ಷರತ್ತೂ ಇದೆ. ತೂಕ, ವರ್ಷ ಮತ್ತು ಇತರ ಮಿತಿಗಳು ಆಗಾಗ ಬದಲಾಗುವುದರಿಂದ ಒಂದೇ ಒಂದು ಭಾಗವನ್ನು ಕೊಳ್ಳುವ ಮುನ್ನವೂ ಆ ವರ್ಷದ ನಿಯಮಪುಸ್ತಕವನ್ನು ಓದಿ, ನೀವು ಭಾಗವಹಿಸಲಿರುವ ಶಾಖೆಯ ಹೆಚ್ಚುವರಿ ನಿಯಮಗಳನ್ನೂ ನೋಡಿಕೊಳ್ಳಿ. ಬೇರೆ ಬೇರೆ ವರ್ಗದ ಕಾರುಗಳನ್ನು ಹೋಲಿಸಲು ಪ್ರತಿ ವರ್ಗಕ್ಕೂ ಪ್ಯಾಕ್ಸ್ ಎಂಬ ಗುಣಾಂಕವಿರುತ್ತದೆ. ನಿಮ್ಮ ಸಮಯವನ್ನು ಅದರಿಂದ ಗುಣಿಸಿದಾಗ ಬರುವ ಅಂಕಿಯೇ ಇಡೀ ಮೈದಾನದಲ್ಲಿ ನಿಮ್ಮ ಸ್ಥಾನವನ್ನು ಹೇಳುತ್ತದೆ.

ಕಾರಿನ ಒಡಲನ್ನು ಪರೀಕ್ಷಿಸುವುದು

ಈ ಕಾರಿಗೆ ಪ್ರತ್ಯೇಕ ಚಾಸಿ ಇಲ್ಲ, ದೇಹವೇ ಚೌಕಟ್ಟು. ಮುಂದಿನ ಮತ್ತು ಹಿಂದಿನ ಉಕ್ಕಿನ ರೈಲುಗಳು ನಡುವೆ ಒಂದಕ್ಕೊಂದು ಸೇರಿಲ್ಲ, ನೆಲದ ತಗಡು ಮತ್ತು ಬಾಗಿಲುಗಳ ಕೆಳಗಿನ ಅಂಚಿನ ರಾಕರ್ ಭಾಗಗಳೇ ಹೊರೆಯನ್ನು ಹೊರುತ್ತವೆ. ಆದ್ದರಿಂದ ತುಕ್ಕು ಇಲ್ಲಿ ಅಂದದ ಪ್ರಶ್ನೆಯಲ್ಲ. ಕಾರನ್ನು ಎತ್ತಿ ಗಟ್ಟಿಯಾದ ಸ್ಟ್ಯಾಂಡುಗಳ ಮೇಲೆ ನಿಲ್ಲಿಸಿ, ರೈಲುಗಳು, ಮುಂದಿನ ರೈಲುಗಳನ್ನು ರಾಕರ್‌ಗೆ ಸೇರಿಸುವ ಟಾರ್ಕ್ ಬಾಕ್ಸ್‌ಗಳು, ಹಿಂದಿನ ಲೀಫ್ ಸ್ಪ್ರಿಂಗಿನ ಕೊಂಡಿಗಳು ಮತ್ತು ನೆಲದ ತಗಡನ್ನು ಚೂಪಾದ ಸಲಕರಣೆಯಿಂದ ಚುಚ್ಚಿ ನೋಡಿ. ಎಲ್ಲಕ್ಕಿಂತ ಮುಖ್ಯವಾಗಿ ಎಂಜಿನ್ನಿನ ಎರಡೂ ಬದಿಯ ಶಾಕ್ ಟವರ್‌ಗಳನ್ನು ಉಜ್ಜಿ ತೊಳೆದು ಬೆಳಕು ಬಿಟ್ಟು ನೋಡಬೇಕು. ಮುಂದಿನ ಕಾಯಿಲ್ ಸ್ಪ್ರಿಂಗುಗಳು ಮೇಲಿನ ಕಂಟ್ರೋಲ್ ಆರ್ಮ್‌ನ (ಗಾಲಿಯನ್ನು ದೇಹಕ್ಕೆ ಸೇರಿಸುವ ಕೀಲುಳ್ಳ ತೋಳು) ಮೇಲೆ ಕುಳಿತು ಈ ಟವರ್‌ಗಳನ್ನೇ ಒತ್ತುವುದರಿಂದ ದಶಕಗಳ ಓಡಾಟದಲ್ಲಿ ಅಲ್ಲಿ ಬಿರುಕು ಬಿಡುತ್ತದೆ. ಬಿರುಕು ಕಂಡರೆ ಅನುಭವಿ ಬೆಸುಗೆಗಾರರಿಂದ ದುರಸ್ತಿ ಮಾಡಿಸದೆ ಮುಂದಿನ ಹೆಜ್ಜೆ ಇಡಬೇಡಿ.

ಒಡಲು ಗಟ್ಟಿಯಾಗಿದ್ದರೆ ಮೂರು ಸೇರ್ಪಡೆಗಳು ಅಗ್ಗವೂ ಫಲಕಾರಿಯೂ ಹೌದು. ಮುಂದಿನ ಮತ್ತು ಹಿಂದಿನ ರೈಲುಗಳನ್ನು ಜೋಡಿಸುವ ಸಬ್‌ಫ್ರೇಮ್ ಕನೆಕ್ಟರ್‌ಗಳನ್ನು ಬೆಸುಗೆ ಹಾಕಿಸಿ. ಕಾರಿನ ತೂಕವೆಲ್ಲ ಗಾಲಿಗಳ ಮೇಲಿರುವಾಗಲೇ ಬೆಸುಗೆಯಾಗಬೇಕು, ಇಲ್ಲದಿದ್ದರೆ ದೇಹದ ಬಾಗು ಹಾಗೆಯೇ ಉಳಿದುಬಿಡುತ್ತದೆ. ಟವರ್‌ಗಳನ್ನು ಎಂಜಿನ್ನಿನ ಹಿಂದಿನ ಗೋಡೆಗೆ ಬಂಧಿಸುವ ಒಂದೇ ತುಂಡಿನ ಎಕ್ಸ್‌ಪೋರ್ಟ್ ಬ್ರೇಸ್ ಮತ್ತು ಟವರ್‌ನಿಂದ ಟವರ್‌ಗೆ ಅಡ್ಡಲಾಗಿ ಹೋಗುವ ಮಾಂಟೆ ಕಾರ್ಲೋ ಬಾರ್ ಉಳಿದೆರಡು. ಒಡಲು ನುಲಿಯುತ್ತಿದ್ದರೆ ನೀವು ಸಸ್ಪೆನ್ಷನ್‌ಗೆ ಮಾಡುವ ಯಾವ ಹೊಂದಾಣಿಕೆಯೂ ಟೈರಿನವರೆಗೆ ತಲುಪುವುದಿಲ್ಲ.

ಸುರಕ್ಷತೆ

1965–66ರ ಮಸ್ಟ್ಯಾಂಗ್‌ನಲ್ಲಿ ಬ್ರೇಕಿನ ಮಾಸ್ಟರ್ ಸಿಲಿಂಡರ್ ಒಂದೇ ಕೋಣೆಯದು. ನಾಲ್ಕು ಗಾಲಿಗಳಲ್ಲಿ ಯಾವ ಒಂದರ ಹೋಸ್ ಒಡೆದರೂ ನಾಲ್ಕಕ್ಕೂ ಬ್ರೇಕ್ ಇಲ್ಲವಾಗುತ್ತದೆ. 1967ರ ಮಾದರಿಯಿಂದ ಮುಂದಕ್ಕೆ ಬಂದ ಎರಡು ಕೋಣೆಯ ಸಿಲಿಂಡರಿಗೆ ಬದಲಾಯಿಸುವುದನ್ನು ನಾನು ಐಚ್ಛಿಕ ಎಂದು ಬಗೆಯುವುದಿಲ್ಲ. ಜೊತೆಗೆ ರಬ್ಬರ್ ಹೋಸ್‌ಗಳು, ಗಾಲಿಯ ಸಿಲಿಂಡರ್‌ಗಳು, ತುಕ್ಕು ಹಿಡಿದ ಉಕ್ಕಿನ ಕೊಳವೆಗಳು ಎಲ್ಲವನ್ನೂ ಹೊಸದಾಗಿ ಹಾಕಿ. ಮುಂದೆ ಡಿಸ್ಕ್ ಬ್ರೇಕ್ ಇದ್ದರೆ ಒಳ್ಳೆಯದು. ಆದರೆ ಒಂದು ನಿಮಿಷದ ಓಟದಲ್ಲಿ ಬ್ರೇಕ್ ಕಾಯುವಷ್ಟು ಹೊತ್ತೇ ಇರುವುದಿಲ್ಲವಾದ್ದರಿಂದ, ಸರಿಯಾಗಿ ಹೊಂದಿಸಿದ ಡ್ರಮ್‌ಗಳಿಂದ ಮೊದಲ ಋತುವನ್ನು ನಿಶ್ಚಿಂತೆಯಿಂದ ಕಳೆಯಬಹುದು. ಡಿಸ್ಕ್ ಹಾಕಿದಾಗ ಹಿಂದಿನ ಡ್ರಮ್‌ಗಳು ಮೊದಲೇ ಹಿಡಿದುಕೊಳ್ಳದಂತೆ ಪ್ರೊಪೋರ್ಷನಿಂಗ್ ವಾಲ್ವ್ ಬೇಕಾಗುತ್ತದೆ. ಬಿಸಿಯಾದ ಮೇಲಷ್ಟೇ ಕೆಲಸ ಮಾಡುವ ರೇಸಿಂಗ್ ಪ್ಯಾಡುಗಳು ಇಲ್ಲಿ ಪ್ರಯೋಜನಕ್ಕೆ ಬಾರವು.

ಈ ಕಾರಿಗೆ ಕಾರ್ಖಾನೆಯಿಂದ ಬಂದದ್ದು ಸೊಂಟದ ಪಟ್ಟಿ ಮಾತ್ರ, ಸೀಟಿಗೆ ತಲೆಯಾಸರೆ ಇಲ್ಲ. ಹೆಗಲಿನ ಪಟ್ಟಿಗೆ ಬಲಪಡಿಸಿದ ನೆಲೆಯನ್ನು ಬೆಸುಗೆ ಹಾಕಿಸಿ ಮೂರು ಬಿಂದುಗಳ ಪಟ್ಟಿಯನ್ನು ಕೂರಿಸಿ. ಬದಿಗೆ ಆಸರೆಯಿರುವ, ತಲೆಗೆ ಒರಗುವ ಸೀಟನ್ನು ಹಾಕಿ. ಜಾರುವ ಸೀಟಿನಲ್ಲಿ ಕುಳಿತವನು ಸ್ಟೀರಿಂಗ್ ಚಕ್ರವನ್ನೇ ಆಧಾರವಾಗಿ ಹಿಡಿದುಕೊಳ್ಳುತ್ತಾನೆ, ಹಾಗೆ ಹಿಡಿದ ಕೈಗೆ ಮುಂದಿನ ಟೈರುಗಳು ಹೇಳುವುದು ಕೇಳಿಸುವುದಿಲ್ಲ. ರೋಲ್ ಬಾರ್ ಮತ್ತು ಸರಿಯಾದ ನೆಲೆಗಳಿಲ್ಲದೆ ನಾಲ್ಕು ಬಿಂದುಗಳ ರೇಸಿಂಗ್ ಪಟ್ಟಿಯನ್ನು ಕಟ್ಟುವುದು ಅಪಾಯಕಾರಿ. ಇನ್ನೊಂದು ವಿಷಯವನ್ನು ಅನೇಕರು ಗಮನಿಸುವುದಿಲ್ಲ: ಈ ಮಸ್ಟ್ಯಾಂಗ್‌ನಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲ್ಭಾಗವೇ ಡಿಕ್ಕಿಯ ನೆಲ. ಡಿಕ್ಕಿಗೂ ಹಿಂದಿನ ಸೀಟಿಗೂ ನಡುವೆ ಉಕ್ಕಿನ ತಡೆಗೋಡೆಯೊಂದನ್ನು ಹಾಕಿಸುವುದು ರಸ್ತೆಯ ಓಡಾಟಕ್ಕೂ ಒಳಿತು.

ಟೈರು ಮತ್ತು ಚಕ್ರ

ಒಂದೇ ಒಂದು ಬದಲಾವಣೆಗೆ ಹಣವಿದ್ದರೆ ಅದು ಟೈರಿಗೇ ಹೋಗಲಿ. ಈ ಕಾರಿನೊಂದಿಗೆ ಬಂದಿದ್ದ ಕಿರಿದಾದ ಬಯಾಸ್ (ಒಳಪದರದ ದಾರಗಳು ಓರೆಯಾಗಿ ಹಾಯುವ ಹಳೆಯ ಬಗೆಯ) ಟೈರುಗಳಿಗೂ ಇಂದಿನ 200 ಟ್ರೆಡ್‌ವೇರ್ ಸ್ಪರ್ಧಾ ಟೈರುಗಳಿಗೂ ಇರುವ ಅಂತರವನ್ನು ಯಾವ ಎಂಜಿನ್ ಕೆಲಸವೂ ತುಂಬಲಾರದು. ವಿ8 ಕಾರಿನ ಹಬ್‌ನಲ್ಲಿ ಐದು ಬೋಲ್ಟುಗಳಿದ್ದು ಅವುಗಳ ವೃತ್ತದ ವ್ಯಾಸ 4.5 ಇಂಚು, ಆ ಅಳತೆಯ ಚಕ್ರಗಳು ಎಲ್ಲೆಡೆ ಸಿಗುತ್ತವೆ. ಆರು ಸಿಲಿಂಡರಿನ ಕಾರಿಗೆ ನಾಲ್ಕೇ ಬೋಲ್ಟುಗಳಿರುವುದರಿಂದ ಕೊಳ್ಳುವಾಗ ನೋಡಿಕೊಳ್ಳಿ. ಮುಂದೆ 225 ಮಿಲಿಮೀಟರ್ ಅಗಲದ ಟೈರನ್ನು ಸರಿಯಾದ ಆಫ್‌ಸೆಟ್ (ಹಬ್‌ಗೆ ಕೂರುವ ಮುಖಕ್ಕೂ ಚಕ್ರದ ನಡುಗೆರೆಗೂ ಇರುವ ದೂರ) ಇರುವ ಚಕ್ರದ ಮೇಲೆ ಕೂರಿಸಬಹುದು. ಅದಕ್ಕಿಂತ ಅಗಲವಾದರೆ ಫೆಂಡರಿನ ತುಟಿಗೆ ಉಜ್ಜತೊಡಗುತ್ತದೆ. ಚಕ್ರ ಕೊಳ್ಳುವ ಮುನ್ನ ಸ್ಪ್ರಿಂಗ್ ತೆಗೆದು, ಸಸ್ಪೆನ್ಷನ್ ಅನ್ನು ಪೂರ್ತಿ ಮೇಲಕ್ಕೂ ಕೆಳಕ್ಕೂ ಚಲಿಸಿ, ಸ್ಟೀರಿಂಗನ್ನು ಎರಡೂ ಕೊನೆಗೆ ತಿರುಗಿಸಿ ಅಳತೆ ತೆಗೆದುಕೊಳ್ಳುವುದೇ ನಂಬಲರ್ಹವಾದ ವಿಧಾನ.

ಮುಂದಿನ ಸಸ್ಪೆನ್ಷನ್: ಈ ಕಾರಿನ ಜೀವಾಳ

ಕಾರ್ಖಾನೆಯಿಂದ ಬಂದ ಮಸ್ಟ್ಯಾಂಗ್ ತಿರುವಿನಲ್ಲಿ ವಾಲಿದಾಗ ಹೊರಬದಿಯ ಮುಂದಿನ ಟೈರು ದೇಹದ ಜೊತೆಗೇ ಹೊರಕ್ಕೆ ವಾಲುತ್ತದೆ. ಅತಿ ಹೆಚ್ಚು ಹೊರೆ ಬಿದ್ದಿರುವ ಟೈರು ತನ್ನ ಅಗಲವನ್ನು ನೆಲಕ್ಕೆ ಊರುವ ಬದಲು ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಕಾರು ಮೂತಿಯನ್ನು ತಿರುಗಿಸದೆ ನೇರಕ್ಕೇ ಜಾರುತ್ತದೆ. ಮೇಲಿನ ಕಂಟ್ರೋಲ್ ಆರ್ಮ್‌ನ ಒಳಗಿನ ಕೀಲು ತೀರ ಎತ್ತರದಲ್ಲಿರುವುದೇ ಇದಕ್ಕೆ ಕಾರಣ. ಫೋರ್ಡ್‌ನ ಸಸ್ಪೆನ್ಷನ್ ಎಂಜಿನಿಯರ್ ಕ್ಲಾಸ್ ಆರ್ನಿಂಗ್ ಇದನ್ನು ಗುರುತಿಸಿ ಆ ಕೀಲನ್ನು ಕೆಳಗಿಳಿಸುವ ಪರಿಹಾರವನ್ನು ರೂಪಿಸಿದರು. ಮಸ್ಟ್ಯಾಂಗನ್ನೇ ಮಾರ್ಪಡಿಸಿ ಮಾಡಿದ 1965ರ ಶೆಲ್ಬಿ ಜಿಟಿ350 ಕಾರುಗಳಲ್ಲಿ ಅದನ್ನೇ ಅಳವಡಿಸಿದ್ದರಿಂದ ಜನ ಅದನ್ನು ಶೆಲ್ಬಿ ಡ್ರಾಪ್ ಎಂದು ಕರೆಯುತ್ತಾರೆ. ಆರ್ನಿಂಗ್ ಡ್ರಾಪ್ ಎನ್ನುವವರೂ ಇದ್ದಾರೆ, ನ್ಯಾಯವಾಗಿ ಆ ಹೆಸರೇ ಸಲ್ಲಬೇಕು.

ಕೆಲಸ ಸರಳ, ಆದರೆ ನಿಖರತೆಯನ್ನು ಬೇಡುತ್ತದೆ. ಮೊದಲು ಕಾರನ್ನು ಭದ್ರವಾಗಿ ಎತ್ತಿ ನಿಲ್ಲಿಸಿ ಶಾಕ್ ಅಬ್ಸಾರ್ಬರ್ ತೆಗೆಯಿರಿ. ಸ್ಪ್ರಿಂಗನ್ನು ಈ ಕಾರಿಗೆಂದೇ ಮಾಡಿದ ಒಳಗಿನಿಂದ ಹಿಡಿಯುವ ಕಂಪ್ರೆಸರ್‌ನಿಂದ ಒತ್ತಿ ಹೊರತೆಗೆಯಬೇಕು. ಒತ್ತಿದ ಸ್ಪ್ರಿಂಗು ಚಿಮ್ಮಿದರೆ ಪ್ರಾಣಕ್ಕೇ ಅಪಾಯವಾದ್ದರಿಂದ ಬಾಡಿಗೆಯ ಸಾಧಾರಣ ಕಂಪ್ರೆಸರ್ ಬಳಸಬೇಡಿ, ಅನುಭವವಿಲ್ಲದಿದ್ದರೆ ಈ ಒಂದು ಕೆಲಸವನ್ನು ಗ್ಯಾರೇಜಿಗೆ ಬಿಡಿ. ಮೇಲಿನ ಆರ್ಮ್ ಬಿಚ್ಚಿದ ಮೇಲೆ ಟವರ್‌ನ ಒಳಮುಖದಲ್ಲಿ ಅದರ ಶಾಫ್ಟನ್ನು ಹಿಡಿದಿದ್ದ ಎರಡು ರಂಧ್ರಗಳು ಕಾಣುತ್ತವೆ. ಅವುಗಳಿಗೆ 1 ಇಂಚು ಕೆಳಗೆ, 1/8 ಇಂಚು ಹಿಂದಕ್ಕೆ ಹೊಸ ರಂಧ್ರಗಳು ಬರಬೇಕು. ಹಳೆಯ ರಂಧ್ರಗಳಿಗೆ ಬೋಲ್ಟ್ ಹಾಕಿ ಕೂರಿಸುವ ಉಕ್ಕಿನ ಟೆಂಪ್ಲೇಟ್ ಸಿಗುತ್ತದೆ. ಅದಿಲ್ಲದೆ ಕಣ್ಣಳತೆಯಲ್ಲಿ ಕೊರೆಯಬೇಡಿ, ಏಕೆಂದರೆ ಎಡ ಮತ್ತು ಬಲ ಒಂದೇ ಸಮನಾಗಿರದಿದ್ದರೆ ಕಾರು ಒಂದೊಂದು ಬದಿಗೆ ಒಂದೊಂದು ರೀತಿ ತಿರುಗುತ್ತದೆ. ಚಿಕ್ಕ ಬಿಟ್‌ನಿಂದ ಆರಂಭಿಸಿ ಹಂತಹಂತವಾಗಿ ದೊಡ್ಡದು ಮಾಡಿ, ಅಂಚನ್ನು ಅರದಿಂದ ನಯಗೊಳಿಸಿ, ಬಣ್ಣ ಬಳಿದು ಜೋಡಿಸಿ. ಹಳೆಯ ರಂಧ್ರಗಳನ್ನು ಹಾಗೆಯೇ ಬಿಡಬಹುದು.

ಈ ಬದಲಾವಣೆಯಿಂದ ಹೊರಗಾಲಿ ಒತ್ತಡಕ್ಕೆ ಒಳಗಾದಂತೆ ಅದರ ಮೇಲ್ತುದಿ ಒಳಕ್ಕೆ ಸರಿಯತೊಡಗುತ್ತದೆ; ದೇಹ ವಾಲಿದರೂ ಟೈರು ನೆಲಕ್ಕೆ ಚಪ್ಪಟೆಯಾಗಿ ಉಳಿಯುತ್ತದೆ. ಸ್ಪ್ರಿಂಗ್ ಇದೇ ಆರ್ಮ್ ಮೇಲೆ ಕೂರುವುದರಿಂದ ಕಾರಿನ ಮೂತಿಯೂ ಅರ್ಧ ಇಂಚಿಗಿಂತ ಸ್ವಲ್ಪ ಹೆಚ್ಚು ಕೆಳಗಿಳಿಯುತ್ತದೆ. ಒಂದು ಇಂಚು ಇಳಿಸಿದರೆ ಇಷ್ಟು ಒಳಿತಾದರೆ ಎರಡು ಇಂಚು ಇಳಿಸಿದರೆ ಇನ್ನೂ ಒಳಿತಲ್ಲವೇ ಎಂದು ಯೋಚಿಸುವವರಿದ್ದಾರೆ. ಹಾಗೆ ಮಾಡಿದರೆ ಮೇಲಿನ ಬಾಲ್ ಜಾಯಿಂಟ್ ತನ್ನ ಚಲನೆಯ ಕೊನೆ ಮುಟ್ಟಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೆಂದೇ ಬೆಣೆಯಾಕಾರದ ತುಂಡುಗಳು ಬೇಕಾಗುತ್ತವೆ. ಮೊದಲ ಕಾರಿಗೆ ಒಂದು ಇಂಚೇ ಸಾಕು.

ಸ್ಪ್ರಿಂಗ್ ಹೊರಗಿರುವಾಗಲೇ ಉಳಿದ ಕೆಲಸಗಳನ್ನೂ ಮುಗಿಸಿ. ಆರ್ಮ್ ಮೇಲೆ ಸ್ಪ್ರಿಂಗ್ ಕೂರುವ ಪರ್ಚ್‌ನಲ್ಲಿ ಮೂಲತಃ ರಬ್ಬರ್ ಇರುತ್ತದೆ, ಅದು ಗಟ್ಟಿಯಾಗಿ ಸಸ್ಪೆನ್ಷನ್ ಚಲನೆಯನ್ನು ತಡೆಯುತ್ತದೆ. ಬೇರಿಂಗ್ ಇರುವ ರೋಲರ್ ಪರ್ಚ್‌ಗಳನ್ನು ಹಾಕಿ. ಕೆಳಗಿನ ಆರ್ಮನ್ನು ಮುಂದಕ್ಕೂ ಹಿಂದಕ್ಕೂ ಹಿಡಿದಿಡುವ ಸ್ಟ್ರಟ್ ರಾಡ್‌ನ ಬುಷ್‌ಗಳನ್ನು ಬದಲಿಸದಿದ್ದರೆ ಬ್ರೇಕ್ ಒತ್ತಿದಾಗಲೆಲ್ಲ ಗಾಲಿಯ ಕೋನ ಬದಲಾಗುತ್ತಿರುತ್ತದೆ. ದೇಹ ವಾಲುವುದನ್ನು ತಡೆಯುವ ಆಂಟಿ-ಸ್ವೇ ಬಾರ್ ಅನ್ನು ಶೆಲ್ಬಿ ಬಳಸಿದ 1 ಇಂಚಿನದಕ್ಕೆ ಏರಿಸಿ. ಹಿಂದಕ್ಕೆ ಬಾರ್ ಹಾಕುವ ಆತುರ ಬೇಡ. ಸ್ಪ್ರಿಂಗನ್ನು ಮಧ್ಯಮವಾಗಿ ಗಟ್ಟಿ ಮಾಡಿ ಶಾಕ್ ಅಬ್ಸಾರ್ಬರ್‌ಗಳಿಗೆ ಹೆಚ್ಚು ಹಣ ಇಡಿ. ಸ್ಲಾಲಮ್‌ನಲ್ಲಿ, ಅಂದರೆ ಸಾಲಾಗಿ ನಿಂತ ಕೋನ್‌ಗಳ ನಡುವೆ ಅಂಕುಡೊಂಕಾಗಿ ಹಾಯುವ ಭಾಗದಲ್ಲಿ, ಕಾರು ಎಡದಿಂದ ಬಲಕ್ಕೆ ಪಕ್ಕನೆ ಹೊರಳುವಾಗ ದೇಹವನ್ನು ಹತೋಟಿಯಲ್ಲಿಡುವುದು ಶಾಕ್ ಅಬ್ಸಾರ್ಬರ್, ಸ್ಪ್ರಿಂಗಲ್ಲ.

ಇಷ್ಟಾದ ಮೇಲೆ ಗಾಲಿಗಳ ಅಲೈನ್‌ಮೆಂಟ್. ಕಾರ್ಖಾನೆಯ ಅಂಕಿಗಳು ಬಯಾಸ್ ಟೈರಿನ ಕಾಲದವು, ಅವನ್ನು ಬಳಸಬೇಡಿ. ರಸ್ತೆಗೂ ಸ್ಪರ್ಧೆಗೂ ಹೊಂದುವ ಆರಂಭದ ಬಿಂದುವಾಗಿ ಮೈನಸ್ 1ರಿಂದ ಮೈನಸ್ 1.5 ಡಿಗ್ರಿ ಕ್ಯಾಂಬರ್ (ಗಾಲಿಯ ಮೇಲ್ತುದಿ ಒಳಕ್ಕೆ ವಾಲುವ ಕೋನ), ಪ್ಲಸ್ 3 ಡಿಗ್ರಿಯ ಸುತ್ತಮುತ್ತ ಕ್ಯಾಸ್ಟರ್ (ಸ್ಟೀರಿಂಗ್ ಅಕ್ಷ ಹಿಂದಕ್ಕೆ ವಾಲುವ ಕೋನ), ಮತ್ತು ಸೊನ್ನೆಯಿಂದ 1/16 ಇಂಚು ಟೋ-ಇನ್ (ಗಾಲಿಗಳ ಮುಂತುದಿ ಒಳಮುಖವಾಗಿರುವುದು) ಇಡಿ. 1965–66ರ ಕಾರಿನಲ್ಲಿ ಕ್ಯಾಂಬರ್ ಹೊಂದಿಸುವುದು ಮೇಲಿನ ಆರ್ಮ್‌ನ ಶಾಫ್ಟಿಗೂ ಟವರಿಗೂ ನಡುವೆ ಶಿಮ್ ಎಂಬ ತೆಳು ಲೋಹದ ತುಂಡುಗಳನ್ನು ಸೇರಿಸಿ. 1967ರ ನಂತರದ ಕಾರುಗಳಲ್ಲಿ ಕೆಳಗಿನ ಆರ್ಮ್‌ಗೆ ಎಕ್ಸೆಂಟ್ರಿಕ್ ಬೋಲ್ಟ್ ಬಂದಿತು. ಹಳೆಯ ಕಾರುಗಳನ್ನು ಬಲ್ಲ, ಶಿಮ್ ಹಾಕುವ ತಾಳ್ಮೆಯಿರುವ ಅಲೈನ್‌ಮೆಂಟ್ ಅಂಗಡಿಯನ್ನು ಹುಡುಕಿಕೊಳ್ಳುವುದೇ ಈ ಹಂತದ ಅರ್ಧ ಕೆಲಸ.

ಸ್ಟೀರಿಂಗ್ ಮತ್ತು ಹಿಂಭಾಗ

ಬಹಳಷ್ಟು ಮಸ್ಟ್ಯಾಂಗ್‌ಗಳಿಗೆ 19:1 ಅನುಪಾತದ ನಿಧಾನ ಸ್ಟೀರಿಂಗ್ ಬಾಕ್ಸ್ ಬಂದಿತ್ತು. ಬಿಗಿಯಾದ ತಿರುವಿನಲ್ಲಿ ಕೈಗಳು ಚಕ್ರವನ್ನು ಸುತ್ತುತ್ತಲೇ ಇರಬೇಕಾಗುತ್ತದೆ, ಕಾರು ಅಷ್ಟರಲ್ಲಿ ಮುಂದಿನ ಕೋನ್ ಮುಟ್ಟಿರುತ್ತದೆ. 16:1ರ ಬಾಕ್ಸ್‌ಗೆ ಬದಲಾಯಿಸಿ. ಅಗಲ ಟೈರು ಮತ್ತು ಹೆಚ್ಚಿನ ಕ್ಯಾಸ್ಟರ್ ಸೇರಿದಾಗ ನಿಧಾನ ವೇಗದಲ್ಲಿ ಸ್ಟೀರಿಂಗ್ ಭಾರವಾಗುವುದರಿಂದ ಕೆಲವರು ಆಧುನಿಕ ಪವರ್ ಸ್ಟೀರಿಂಗ್ ಬಾಕ್ಸನ್ನು ಆರಿಸಿಕೊಳ್ಳುತ್ತಾರೆ. ಆಟೋಕ್ರಾಸ್ ಮಟ್ಟಿಗೆ ಅದು ಸಮಂಜಸವಾದ ಖರ್ಚು. ಟೈ ರಾಡ್ ತುದಿಗಳು, ಐಡ್ಲರ್ ಆರ್ಮ್ ಮತ್ತು ಸೆಂಟರ್ ಲಿಂಕ್‌ಗಳಲ್ಲಿ ಸಡಿಲವಿದ್ದರೆ ಯಾವ ಬಾಕ್ಸ್ ಹಾಕಿಯೂ ಪ್ರಯೋಜನವಿಲ್ಲ.

ಹಿಂದೆ ಲೀಫ್ ಸ್ಪ್ರಿಂಗುಗಳ ಮೇಲೆ ಗಟ್ಟಿ ಆಕ್ಸಲ್ ಇದೆ. ಒಮ್ಮೆಲೇ ಆಕ್ಸಿಲರೇಟರ್ ಒತ್ತಿದಾಗ ಆಕ್ಸಲ್ ತಿರುಚಿಕೊಂಡು ಸ್ಪ್ರಿಂಗು ಇಂಗ್ಲಿಷಿನ ಎಸ್ ಅಕ್ಷರದಂತೆ ಬಾಗುತ್ತದೆ, ಬಿಟ್ಟಾಗ ಪುಟಿಯುತ್ತದೆ, ಗಾಲಿ ನೆಲದ ಮೇಲೆ ಕುಪ್ಪಳಿಸುತ್ತದೆ. ಶೆಲ್ಬಿ ಕಾರುಗಳಲ್ಲಿ ಟ್ರ್ಯಾಕ್ಷನ್ ಬಾರ್‌ಗಳನ್ನು ಹಾಕಿದ್ದು ಇದನ್ನು ತಡೆಯಲೆಂದೇ. ಹಳೆಯ ರಬ್ಬರ್ ಬುಷ್‌ಗಳನ್ನು ತೆಗೆದು, ಇಳಿಬಿದ್ದ ಸ್ಪ್ರಿಂಗುಗಳ ಬದಲಿಗೆ ಹೊಸವನ್ನು ಹಾಕಿ, ಒಳ್ಳೆಯ ಶಾಕ್ ಅಬ್ಸಾರ್ಬರ್ ಕೂರಿಸಿದರೆ ಮುಕ್ಕಾಲು ಪಾಲು ಸಮಸ್ಯೆ ತೀರುತ್ತದೆ. ಆದರೆ ಒಂದು ಗಾಲಿ ಹಿಡಿತ ತಪ್ಪಿದರೂ ಇನ್ನೊಂದಕ್ಕೆ ಶಕ್ತಿ ತಲುಪಿಸುವ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇಲ್ಲದೆ ಈ ಕಾರು ಪೂರ್ಣವಾಗುವುದಿಲ್ಲ. ತಿರುವಿನಿಂದ ಹೊರಬರುವಾಗ ಒಳಬದಿಯ ಹಿಂದಿನ ಗಾಲಿಯ ಮೇಲೆ ಹೊರೆ ಇರುವುದಿಲ್ಲ; ಸಾಮಾನ್ಯ ಡಿಫರೆನ್ಷಿಯಲ್ ಎಲ್ಲ ಶಕ್ತಿಯನ್ನೂ ಆ ಗಾಲಿಯ ಹೊಗೆಯಲ್ಲೇ ಕಳೆಯುತ್ತದೆ.

ಎಂಜಿನ್, ಗೇರು

289 ಘನ ಇಂಚಿನ, ಅಂದರೆ 4.7 ಲೀಟರಿನ ಎಂಜಿನ್ ಕಾರ್ಖಾನೆಯಿಂದ 200, 225 ಮತ್ತು 271 ಅಶ್ವಶಕ್ತಿಯ ರೂಪಗಳಲ್ಲಿ ಬಂದಿತ್ತು. 200ರದ್ದೇ ಇದ್ದರೂ ಆರಂಭಕ್ಕೆ ಸಾಲುತ್ತದೆ. ನಿಜವಾಗಿ ನೋಡಬೇಕಾದ್ದು ಗೇರು. ಆಟೋಕ್ರಾಸ್‌ನಲ್ಲಿ ಹೊರಟ ಮೇಲೆ ಇಡೀ ಓಟ ಎರಡನೇ ಗೇರಿನಲ್ಲೇ ಸಾಗಬೇಕು. 25 ಇಂಚು ವ್ಯಾಸದ ಟೈರು ಒಂದು ಮೈಲಿಗೆ ಸುಮಾರು 807 ಸುತ್ತು ಸುತ್ತುತ್ತದೆ. ಗಂಟೆಗೆ 60 ಮೈಲಿ ವೇಗದಲ್ಲಿ ನಿಮಿಷಕ್ಕೂ ಅಷ್ಟೇ ಸುತ್ತು. ಹಿಂದಿನ ಆಕ್ಸಲ್ ಅನುಪಾತ 3.50, ನಾಲ್ಕು ಗೇರಿನ ಪೆಟ್ಟಿಗೆಯ ಎರಡನೇ ಗೇರಿನ ಅನುಪಾತ 1.93 ಆದರೆ ಎಂಜಿನ್ ನಿಮಿಷಕ್ಕೆ ಸುಮಾರು 5,450 ಸುತ್ತಿಗೆ ಬರುತ್ತದೆ, ಅಂದರೆ ಎರಡನೇ ಗೇರಿನಲ್ಲೇ 60 ಮೈಲಿ ಮುಟ್ಟಿ, ಕೆಳವೇಗದಲ್ಲೂ ಚುರುಕಾಗಿ ಎಳೆಯುತ್ತದೆ. 3.00 ಅನುಪಾತವಾದರೆ ಅದೇ ವೇಗಕ್ಕೆ 4,700ರ ಒಳಗೇ ಇರುತ್ತದೆ, ಬಿಗಿ ತಿರುವುಗಳಿಂದ ಹೊರಬರುವಾಗ ಕಾರು ಮಂಕಾಗುತ್ತದೆ.

ತಿರುವಿನಲ್ಲಿ ಎಂಜಿನ್ ಕೆಮ್ಮಿದರೆ ಕಾರ್ಬ್ಯುರೇಟರಿನ ಬೌಲ್‌ನಲ್ಲಿ ಪೆಟ್ರೋಲ್ ಬದಿಗೆ ಸರಿದು ಜೆಟ್ ಬರಿದಾಗಿದೆ, ಇಲ್ಲವೇ ಉಕ್ಕಿ ಗಂಟಲಿಗೆ ಸುರಿದಿದೆ ಎಂದರ್ಥ. ಮೊದಲು ಫ್ಲೋಟ್ ಮಟ್ಟವನ್ನು ಸರಿಪಡಿಸಿ. ಎಣ್ಣೆಯೂ ಹಾಗೆಯೇ ಸರಿಯುವುದರಿಂದ ಅಗಲ ಟೈರು ಹಾಕಿದ ಕಾರಿಗೆ ಅಡ್ಡಗೋಡೆಗಳಿರುವ ಆಯಿಲ್ ಪ್ಯಾನ್ ಬೇಕು. ಹಳೆಯ ಫ್ಲ್ಯಾಟ್ ಟ್ಯಾಪೆಟ್ (ರೋಲರ್ ಇಲ್ಲದೆ ಉಜ್ಜುತ್ತ ಕೆಲಸ ಮಾಡುವ) ಕ್ಯಾಮ್‌ಶಾಫ್ಟಿಗೆ ಸತುವಿನ ಅಂಶ ಹೆಚ್ಚಿರುವ ಎಣ್ಣೆಯನ್ನೇ ಬಳಸಿ.

ಸ್ಪರ್ಧೆಯ ದಿನ

ಹೊರಡುವ ಮುನ್ನ ಡಿಕ್ಕಿ, ಸೀಟಿನಡಿ, ಗ್ಲವ್ ಬಾಕ್ಸ್‌ಗಳಿಂದ ಸಡಿಲವಾದ ಎಲ್ಲ ವಸ್ತುಗಳನ್ನೂ ತೆಗೆಯಿರಿ. ವೀಲ್ ಕ್ಯಾಪ್‌ಗಳನ್ನು ಬಿಚ್ಚಿಡಿ. ತಾಂತ್ರಿಕ ಪರೀಕ್ಷೆಯಲ್ಲಿ ಬ್ಯಾಟರಿಯ ಬಿಗಿ, ಗಾಲಿ ಬೇರಿಂಗ್‌ನ ಆಟ, ಚಕ್ರದ ನಟ್ಟುಗಳು, ಬ್ರೇಕ್ ಪೆಡಲ್ಲಿನ ಗಟ್ಟಿತನ, ಕಾಲು ತೆಗೆದೊಡನೆ ಥ್ರಾಟಲ್ ಹಿಂದಿರುಗುವುದು, ದ್ರವಗಳ ಸೋರಿಕೆ ಇವನ್ನೆಲ್ಲ ನೋಡುತ್ತಾರೆ. ಸ್ನೆಲ್ ಸಂಸ್ಥೆಯಂಥ, ನಿಯಮ ಒಪ್ಪುವ ಪ್ರಮಾಣಪತ್ರ ಮತ್ತು ವರ್ಷದ ಹೆಲ್ಮೆಟ್ ಇರಲೇಬೇಕು. ಹೊಸಬರಿಗೆ ಅನೇಕ ಶಾಖೆಗಳು ಎರವಲು ಕೊಡುತ್ತವೆ. ಗಾಳಿ ಅಳೆಯುವ ಗೇಜ್, ಗಾಳಿ ತುಂಬುವ ಪಂಪು, ಟಾರ್ಕ್ ರೆಂಚ್, ಸೀಮೆಸುಣ್ಣ, ನೀರು, ಟೋಪಿ ಜೊತೆಗಿರಲಿ. ಪ್ರತಿಯೊಬ್ಬ ಸ್ಪರ್ಧಿಯೂ ತನ್ನ ಓಟವಿಲ್ಲದ ಹೊತ್ತಿನಲ್ಲಿ ಮೈದಾನದಲ್ಲಿ ನಿಂತು ಬಿದ್ದ ಕೋನ್‌ಗಳನ್ನು ಎತ್ತಿಡುವ ಕೆಲಸ ಮಾಡಬೇಕು. ಇದನ್ನು ತಪ್ಪಿಸಿಕೊಳ್ಳುವಂತಿಲ್ಲ, ತಪ್ಪಿಸಿಕೊಳ್ಳಲೂ ಬಾರದು. ನಿಪುಣರ ಕಾರುಗಳು ತಿರುವಿನಲ್ಲಿ ಎಲ್ಲಿ ಬ್ರೇಕ್ ಒತ್ತುತ್ತವೆ, ಎಲ್ಲಿ ಬಿಡುತ್ತವೆ ಎಂಬುದನ್ನು ಅಷ್ಟು ಹತ್ತಿರದಿಂದ ನೋಡುವ ಅವಕಾಶ ಬೇರೆಲ್ಲೂ ಸಿಗದು.

ಪ್ರತಿ ಕೋನ್‌ನ ಬುಡದ ಸುತ್ತ ನೆಲದ ಮೇಲೆ ಗುರುತು ಹಾಕಿರುತ್ತಾರೆ. ಕೋನ್ ಉರುಳಿದರೆ ಅಥವಾ ಗುರುತಿನಿಂದ ಪೂರ್ತಿ ಹೊರಗೆ ಸರಿದರೆ ಎಸ್‌ಸಿಸಿಎ ನಿಯಮದಂತೆ 2 ಸೆಕೆಂಡುಗಳ ದಂಡ; ನೆಟ್ಟಗೆ ನಿಂತು ಗುರುತನ್ನು ಇನ್ನೂ ಮುಟ್ಟುತ್ತಿದ್ದರೆ ದಂಡವಿಲ್ಲ. ಕೋನ್‌ಗಳ ನಡುವೆ ಹಾಯಬೇಕಾದ ದ್ವಾರವೊಂದನ್ನು ತಪ್ಪಿಸಿದರೆ ಆ ಓಟವೇ ಲೆಕ್ಕಕ್ಕಿಲ್ಲ. ಆದ್ದರಿಂದ ಓಟಕ್ಕೆ ಮೊದಲು ದಾರಿಯನ್ನು ನಡೆದು ನೋಡುವುದು ಓಡಿಸುವಷ್ಟೇ ಮುಖ್ಯ. ಮೊದಲ ಸಲ ಜೊತೆಗಾರರೊಂದಿಗೆ ಮಾತಾಡುತ್ತ ನಡೆಯಿರಿ, ಎರಡನೆಯ ಸಲ ಒಬ್ಬರೇ ನಡೆಯಿರಿ, ಕಾರು ಸಾಗುವ ಗೆರೆಯ ಮೇಲೇ ನಡೆಯಿರಿ. ಸಮಯವನ್ನು ನಿರ್ಧರಿಸುವ ಕೋನ್‌ಗಳು ಯಾವುವು ಎಂದು ಗುರುತಿಸಿಕೊಳ್ಳಿ, ಉಳಿದವು ಅಲಂಕಾರ. ಕೊನೆಗೆ ಕಣ್ಣು ಮುಚ್ಚಿ ಇಡೀ ದಾರಿಯನ್ನು ಮನಸ್ಸಿನಲ್ಲಿ ಓಡಿಸಲು ಸಾಧ್ಯವಾಗಬೇಕು. ಎಲ್ಲಿ ಕಟ್ಟಾಗುತ್ತದೋ ಆ ಜಾಗಕ್ಕೆ ಮತ್ತೆ ಹೋಗಿ ನಿಂತು ನೋಡಿ.

ಓಡಿಸುವ ಕ್ರಮ

ಭಾರವಾದ ಮೂತಿಯ, ಹಿಂಗಾಲಿಗೆ ಶಕ್ತಿ ಕೊಡುವ ಈ ಕಾರು ಆತುರವನ್ನು ಸಹಿಸುವುದಿಲ್ಲ. ಬ್ರೇಕನ್ನು ನೇರ ದಾರಿಯಲ್ಲಿ ಬಲವಾಗಿ ಒತ್ತಿ, ತಿರುವಿಗೆ ಹೊರಳುತ್ತಿದ್ದಂತೆ ಮೆಲ್ಲನೆ ಬಿಡಿ. ಮುಂದಿನ ಟೈರುಗಳ ಮೇಲೆ ಇರುವ ಹೊರೆಯೇ ಮೂತಿಯನ್ನು ತಿರುಗಿಸುತ್ತದೆ. ಬ್ರೇಕನ್ನು ಒಮ್ಮೆಲೇ ಬಿಟ್ಟರೆ ಹೊರೆ ಹಿಂದಕ್ಕೆ ಹೋಗಿ ಕಾರು ಅಗಲಕ್ಕೆ ಸರಿಯುತ್ತದೆ. ಮೂತಿ ಜಾರುತ್ತಿರುವಾಗ ಸ್ಟೀರಿಂಗನ್ನು ಇನ್ನಷ್ಟು ತಿರುಗಿಸುವುದು ಸಹಜ ಪ್ರವೃತ್ತಿ, ಆದರೆ ಅದರಿಂದ ಟೈರು ಮತ್ತಷ್ಟು ಉಜ್ಜುತ್ತದೆಯೇ ಹೊರತು ಹಿಡಿಯುವುದಿಲ್ಲ. ಸ್ಟೀರಿಂಗನ್ನು ಸ್ವಲ್ಪ ಸಡಿಲಿಸಿ, ಆಕ್ಸಿಲರೇಟರ್ ಸ್ವಲ್ಪ ಎತ್ತಿ, ಟೈರು ಮತ್ತೆ ಕಚ್ಚಿಕೊಳ್ಳಲು ಬಿಡಿ.

ತಿರುವಿನ ತುದಿಬಿಂದುವನ್ನು, ಅಂದರೆ ಒಳ ಅಂಚಿಗೆ ಅತಿ ಹತ್ತಿರ ಬರುವ ಜಾಗವನ್ನು, ತಡವಾಗಿ ಮುಟ್ಟಿ. ಕಾರು ಮುಂದಿನ ನೇರ ದಾರಿಯತ್ತ ಮುಖ ಮಾಡಿದ ಮೇಲಷ್ಟೇ ಆಕ್ಸಿಲರೇಟರನ್ನು ಒತ್ತತೊಡಗಿ, ಸ್ಟೀರಿಂಗ್ ನೇರವಾದಷ್ಟೂ ಕಾಲನ್ನು ಆಳಕ್ಕೆ ಇಳಿಸಿ. ವಿ8 ಎಂಜಿನ್ನಿನ ಟಾರ್ಕ್ ಕೆಳವೇಗದಲ್ಲೇ ಪೂರ್ತಿ ಬರುವುದರಿಂದ ಪೆಡಲ್ಲಿನ ಮೊದಲ ಅರ್ಧ ಇಂಚಿನಲ್ಲೇ ಹಿಂಗಾಲಿಗಳು ಹಿಡಿತ ತಪ್ಪಬಹುದು. ಹಿಂಭಾಗ ಜಾರುವುದು ನೋಡಲು ಚೆನ್ನ, ಗಡಿಯಾರಕ್ಕೆ ಚೆನ್ನಲ್ಲ.

ಸ್ಲಾಲಮ್‌ನಲ್ಲಿ ಮೊದಲ ಕೋನ್ ನಿಮ್ಮ ಇಡೀ ಸಾಲಿನ ವೇಗವನ್ನು ನಿಗದಿ ಮಾಡುತ್ತದೆ. ಕೋನ್ ಪಕ್ಕಕ್ಕೆ ಬರುವ ಮೊದಲೇ ಮುಂದಿನ ಕೋನ್‌ಗೆ ಸ್ಟೀರಿಂಗ್ ತಿರುಗಿಸಲು ಆರಂಭಿಸಬೇಕು. ಕೋನ್ ದಾಟಿದ ಮೇಲೆ ತಿರುಗಿಸುವವನು ಪ್ರತಿ ಕೋನ್‌ನಲ್ಲೂ ಸ್ವಲ್ಪ ಸ್ವಲ್ಪ ತಡವಾಗುತ್ತ ಕೊನೆಯದನ್ನು ಉರುಳಿಸುತ್ತಾನೆ. ಇದಕ್ಕೆಲ್ಲ ಬುಡ ಕಣ್ಣು. ಎದುರಿನ ಕೋನನ್ನು ನೋಡಬೇಡಿ, ಅದರಾಚೆಯದನ್ನು, ಸಾಧ್ಯವಾದರೆ ಅದರಾಚೆಯದನ್ನೂ ನೋಡಿ. ಮೊದಲ ದಿನ ಅನುಭವಿ ಮಾರ್ಗದರ್ಶಕರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ. ಅವರು ಹೇಳುವ ಮಾತುಗಳಲ್ಲಿ ಹೆಚ್ಚಿನವು "ಮುಂದೆ ನೋಡಿ" ಎಂಬುದೇ ಆಗಿರುತ್ತವೆ.

ಓಟಗಳ ನಡುವೆ, ಓಟದ ನಂತರ

ಟೈರಿನ ಭುಜದ ಮೇಲೆ ಸೀಮೆಸುಣ್ಣದಿಂದ ಅಡ್ಡಗೆರೆ ಎಳೆದು ಓಡಿಸಿ ಬನ್ನಿ. ಟೈರಿನ ಬದಿಯಲ್ಲಿರುವ ಸಣ್ಣ ತ್ರಿಕೋನದ ಗುರುತಿನವರೆಗೆ ಸುಣ್ಣ ಅಳಿಸಿದ್ದರೆ ಗಾಳಿ ಸರಿಯಾಗಿದೆ. ಅದಕ್ಕಿಂತ ಕೆಳಗೂ ಅಳಿಸಿದ್ದರೆ ಗಾಳಿ ಕಡಿಮೆ, ಗುರುತಿಗಿಂತ ಬಹಳ ಮೇಲೇ ಉಳಿದಿದ್ದರೆ ಹೆಚ್ಚು. ಒಂದು ಸಲಕ್ಕೆ 2 ಪಿಎಸ್‌ಐಗಿಂತ ಹೆಚ್ಚು ಬದಲಿಸಬೇಡಿ, ಒಂದು ಓಟಕ್ಕೆ ಒಂದೇ ಬದಲಾವಣೆ ಮಾಡಿ. ಮೂತಿ ಜಾರಿದರೆ ಮುಂದಿನ ಒತ್ತಡ ಅಥವಾ ಮುಂದಿನ ಶಾಕ್ ಅಬ್ಸಾರ್ಬರ್‌ನ ಬಿಗಿ, ಹಿಂಭಾಗ ಜಾರಿದರೆ ಹಿಂದಿನದನ್ನು ಬದಲಿಸಿ ನೋಡಿ. ಆದರೆ ಅದಕ್ಕೂ ಮುನ್ನ ತಿರುವಿಗೆ ತೀರ ವೇಗವಾಗಿ ನುಗ್ಗಿದಿರೇ ಎಂದು ಯೋಚಿಸಿ. ಸಾಲಿನಲ್ಲಿ ಕಾಯುವಾಗ ಬಾನೆಟ್ ತೆರೆದಿಡಿ, ಬಿಸಿಲಿನ ದಿನ ಟೈರುಗಳ ಮೇಲೆ ನೀರು ಚಿಮುಕಿಸಿ.

ಪ್ರತಿ ಓಟದ ಸಮಯ, ಗಾಳಿಯ ಒತ್ತಡ, ಹವೆ, ನೆಲದ ಬಗೆ, ಮಾಡಿದ ಬದಲಾವಣೆ ಇವನ್ನು ಪುಸ್ತಕದಲ್ಲಿ ಬರೆದಿಡಿ. ಮನೆಗೆ ಹೊರಡುವ ಮೊದಲು ಟೈರುಗಳನ್ನು ರಸ್ತೆಯ ಒತ್ತಡಕ್ಕೆ ತಂದು ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚ್‌ನಿಂದ ಮತ್ತೆ ಬಿಗಿಮಾಡಿ. ಮನೆಯಲ್ಲಿ ಕಾರನ್ನು ಎತ್ತಿ ಬಾಲ್ ಜಾಯಿಂಟ್, ಸ್ಟ್ರಟ್ ರಾಡ್, ಸ್ಪ್ರಿಂಗ್ ಪರ್ಚ್‌ಗಳನ್ನು ನೋಡಿ, ಶಾಕ್ ಟವರ್‌ನಲ್ಲಿ ಹೊಸದಾಗಿ ಕೊರೆದ ರಂಧ್ರಗಳ ಸುತ್ತ ಬಣ್ಣ ಬಿರಿದಿದೆಯೇ ಎಂದು ಪರೀಕ್ಷಿಸಿ. ಬಣ್ಣ ಬಿರಿದಿದ್ದರೆ ಅದರ ಕೆಳಗಿನ ಲೋಹವನ್ನು ಉಜ್ಜಿ ನೋಡದೆ ಮುಂದಿನ ಸ್ಪರ್ಧೆಗೆ ಹೆಸರು ಕೊಡಬೇಡಿ.